ಮಿದುಳಿನ ಪೆಟ್ಟೂ ಬಣ್ಣಗಾರರ ವಿದ್ಯೆಯೂ

ಬಣ್ಣವಿಲ್ಲದುದನ್ನು ಕಣ್ಣು ಕಾಣಲಾರದು. ನೀರು ತುಂಬಿದ ಲೋಟದಲ್ಲಿ ಬಿದ್ದ ಗಾಜಿನ ಚೂರು ಇದ್ದೂ ಇಲ್ಲದಂತಿರುವುದನ್ನು ನಾವೆಲ್ಲರೂ ಬಲ್ಲೆವು. ಮನುಷ್ಯನ ಮಿದುಳನ್ನು ತೆಳ್ಳಗೆ ಹೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆಗುವುದೂ ಹೀಗೆಯೇ. ಕೋಟ್ಯಂತರ ಜೀವಕೋಶಗಳಿಂದಲೂ ಅವುಗಳನ್ನು ಹೆಣೆದ ತಂತುಗಳಿಂದಲೂ ಕಿಕ್ಕಿರಿದ ಆ ಚೂರು ನೋಡುವವನಿಗೆ ಮಂಜಿನಂತೆ ಕಾಣುತ್ತದೆಯೇ ಹೊರತು ಮತ್ತೇನೂ ಕಾಣುವುದಿಲ್ಲ. ಅದರಲ್ಲಿ ಆರೋಗ್ಯವಾವುದು, ಗಾಯವಾವುದು ಎಂದು ಹೇಳಬೇಕಾದರೆ ಮೊದಲು ಬಣ್ಣ ಹಾಕಬೇಕು. ಆ ಬಣ್ಣ ಹಾಕುವ ವಿದ್ಯೆಯ ಕಥೆಯೇ ನಾನು ಈ ವರ್ಷ ಬಿ.ಎ. ಕೊನೆಯ ತರಗತಿಗಾಗಿ ಬರೆದು ಮುಗಿಸಿದ ಪ್ರಬಂಧದ ವಿಷಯ. ಅದರ ಸಾರವನ್ನು ಸಹಪಾಠಿಗಳ ಮುಂದಿಡಬೇಕೆಂದು ನಮ್ಮ ಮನಶ್ಶಾಸ್ತ್ರದ ಅಧ್ಯಾಪಕರು ಹೇಳಿದುದರಿಂದ ಈ ಲೇಖನ.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ಗೊಡವೆ ಏಕೆ ಎಂದು ಕೇಳಿದವರುಂಟು. ಮೌಖಿಕ ಪರೀಕ್ಷೆಯಲ್ಲಿಯೂ ಮೊದಲ ಪ್ರಶ್ನೆ ಇದೇ ಆಗಿತ್ತು. ನಾನು ಹನಕೆರೆಯವನು. ನಮ್ಮೂರು ಮದ್ದೂರಿಗೂ ಮಂಡ್ಯಕ್ಕೂ ನಡುವೆ, ಬೆಂಗಳೂರು ಮೈಸೂರು ಹೆದ್ದಾರಿಯ ಮಗ್ಗುಲಲ್ಲಿದೆ. ರೈಲೂ ನಮ್ಮೂರಿನ ಮೇಲೆಯೇ ಹಾದುಹೋಗುತ್ತದೆ. ೨೦೨೩ರ ಮಾರ್ಚ್ ತಿಂಗಳಲ್ಲಿ ಹೊಸ ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ ಒಂದರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳನ್ನೂ ಟ್ರ್ಯಾಕ್ಟರುಗಳನ್ನೂ ನಿಷೇಧಿಸಿದರು. ರಸ್ತೆ ಅಗಲವಾದಷ್ಟೂ ನಮ್ಮ ಕಡೆಯ ಮನೆಗಳಿಗೆ ಪೆಟ್ಟಿನ ಸುದ್ದಿ ಬರುವುದೇನೂ ನಿಲ್ಲಲಿಲ್ಲ. ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು ೧,೬೮,೪೯೧ ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರೇ ೫೦,೦೨೯. ಸತ್ತವರ ಲೆಕ್ಕವನ್ನು ಬರೆದಿಡುವವರಿದ್ದಾರೆ. ಬದುಕಿ ಬಂದು ಬೇರೆ ಮನುಷ್ಯರಾದವರ ಲೆಕ್ಕವನ್ನು ಇಡುವವರಾರು?

ನಮ್ಮ ಬೀದಿಯಲ್ಲಿ ಅಂಥವನೊಬ್ಬನಿದ್ದಾನೆ. ಹೆಸರು ಬೇಡ; ಮನೆಯವರ ಒಪ್ಪಿಗೆ ಪಡೆದೇ ಇಷ್ಟನ್ನು ಬರೆಯುತ್ತಿದ್ದೇನೆ. ಆಲೆಮನೆಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಎಷ್ಟು ಗಾಡಿ ಕಬ್ಬು ಬಂತು, ಎಷ್ಟು ಅಚ್ಚು ಬೆಲ್ಲ ಇಳಿಯಿತು ಎಂಬುದು ಅವನ ನಾಲಗೆಯ ತುದಿಯಲ್ಲಿರುತ್ತಿತ್ತು. ಮೋಟಾರು ಸೈಕಲ್ಲಿನಿಂದ ಬಿದ್ದು, ಕೆಲಹೊತ್ತು ಎಚ್ಚರ ತಪ್ಪಿ, ಹತ್ತು ದಿನಕ್ಕೆ ಮನೆಗೆ ಬಂದ. ತಲೆಬುರುಡೆ ಒಡೆದಿರಲಿಲ್ಲ, ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದರು. ಆದರೆ ಅಂದಿನಿಂದ ಅವನಿಗೆ ಎರಡು ಸಾಲು ಕೂಡಿಸಲು ಬರದು, ಹೇಳಿದ ಮಾತು ಮರೆಯುತ್ತದೆ, ಸಣ್ಣ ಮಾತಿಗೆ ಸಿಡುಕು. ಊರಿನವರು ಮೊದಲು ಅಯ್ಯೋ ಎಂದರು. ಆರು ತಿಂಗಳು ಕಳೆದ ಮೇಲೆ ಮೈಗಳ್ಳನೆಂದರು. ಪರಿಹಾರದ ಹಣಕ್ಕಾಗಿ ನಾಟಕವಾಡುತ್ತಿದ್ದಾನೆಂದೂ ಕಟ್ಟೆಯ ಮೇಲೆ ಆಡಿಕೊಂಡರು. “ಸ್ಕ್ಯಾನಿನಲ್ಲಿ ಇಲ್ಲದ್ದು ತಲೆಯಲ್ಲಿ ಎಲ್ಲಿಂದ ಬಂತು?” ಎಂಬುದು ಅವರ ವಾದ. ವಾದ ಸರಿಯೋ ತಪ್ಪೋ ತಿಳಿಯಬೇಕಾಗಿತ್ತು. ನನ್ನ ಪ್ರಬಂಧ ಹುಟ್ಟಿದ್ದು ಈ ಪ್ರಶ್ನೆಯಿಂದ.

ಈಗ ಬಣ್ಣದ ವಿಚಾರಕ್ಕೆ ಬರೋಣ. ಹಸಿಯ ಮಿದುಳು ಗಟ್ಟಿಮೊಸರಿನಷ್ಟು ಮೆದು. ಅದನ್ನು ಕತ್ತಿಯಿಂದ ಕೊಯ್ಯಲು ಹೋದರೆ ಮುದ್ದೆಯಾಗುತ್ತದೆ. ೧೮೯೩ರಲ್ಲಿ ಫರ್ಡಿನಂಡ್ ಬ್ಲುಮ್ ಎಂಬ ಜರ್ಮನ್ ವೈದ್ಯನು ಕ್ರಿಮಿನಾಶಕವೆಂದು ಫಾರ್ಮಾಲಿನನ್ನು ಪರೀಕ್ಷಿಸುತ್ತಿದ್ದಾಗ ತನ್ನ ಬೆರಳ ತುದಿಯ ಚರ್ಮವೇ ಗಟ್ಟಿಯಾದುದನ್ನು ಕಂಡನು. ಅಂದಿನಿಂದ ಫಾರ್ಮಾಲಿನ್ ಪ್ರಯೋಗಶಾಲೆಗಳ ಉಪ್ಪಿನಕಾಯಿಯ ಉಪ್ಪಾಯಿತು. ಮಿದುಳನ್ನು ಎರಡು ಮೂರು ವಾರ ಅದರಲ್ಲಿ ತೂಗುಹಾಕಿ, ಗಟ್ಟಿಯಾದ ಮೇಲೆ ಹೋಳು ಮಾಡಿ, ಮದ್ಯಸಾರದಿಂದ ನೀರಿನಂಶವನ್ನು ತೆಗೆದು, ಕರಗಿದ ಮೇಣದಲ್ಲಿ ಅದ್ದಿ ಹೆರೆಯುತ್ತಾರೆ. ಹೆರೆದ ಪದರದ ದಪ್ಪ ಐದಾರು ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪವೇ ಎಪ್ಪತ್ತು ಮೈಕ್ರಾನಿನಷ್ಟಿರುತ್ತದೆ ಎಂದರೆ ಆ ಪದರದ ತೆಳುವನ್ನು ಊಹಿಸಿಕೊಳ್ಳಬಹುದು.

ಬಣ್ಣಗಳಲ್ಲಿ ಹಿರಿಯದು ಹಿಮಟಾಕ್ಸಿಲಿನ್. ಇದು ಮೆಕ್ಸಿಕೋ ಕಡೆಯ ಒಂದು ಮರದ ತಿರುಳಿನಿಂದ ಬರುತ್ತದೆ. ಸ್ಪೇನಿನ ವರ್ತಕರು ಬಟ್ಟೆಗೆ ಬಣ್ಣ ಕಟ್ಟಲೆಂದು ಆ ಮರವನ್ನು ಹಡಗುಗಟ್ಟಲೆ ಸಾಗಿಸುತ್ತಿದ್ದರು. ತಾನಾಗಿ ಅದು ಹತ್ತುವುದಿಲ್ಲ, ಪಟಿಕ ಬೇಕು. ಸೀರೆಗೆ ಬಣ್ಣ ಕಟ್ಟುವವರೂ ಪಟಿಕವನ್ನೇ ಬಳಸುತ್ತಾರೆಂಬುದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಮಾತು. ಪಟಿಕದಲ್ಲಿರುವ ಅಲ್ಯುಮಿನಿಯಂ ಒಂದು ಕೈಯಿಂದ ಬಣ್ಣವನ್ನೂ ಇನ್ನೊಂದು ಕೈಯಿಂದ ಜೀವಕೋಶದ ಬೀಜವನ್ನೂ ಹಿಡಿದುಕೊಳ್ಳುತ್ತದೆ. ಹಿಮಟಾಕ್ಸಿಲಿನ್ನಿನ ಜೊತೆಗೆ ಈಯೋಸಿನ್ ಎಂಬ ಕೆಂಬಣ್ಣವನ್ನು ಸೇರಿಸುತ್ತಾರೆ. ಆ ಹೆಸರಿನಲ್ಲಿ ಗ್ರೀಕರ ಉಷಾದೇವಿಯ ಹೆಸರು ಅಡಗಿದೆ. ಹೀಗೆ ಬೀಜ ನೀಲಿ, ಉಳಿದ ಕೋಶರಸ ನಸುಗೆಂಪು. ಲೋಕದ ಆಸ್ಪತ್ರೆಗಳಲ್ಲಿ ಇಂದಿಗೂ ದಿನವಹಿ ನಡೆಯುವ ಬಣ್ಣ ಇದೇ.

ಪರಿಚಿತರ ಕೃಪೆಯಿಂದ ಒಂದು ಪ್ರಯೋಗಶಾಲೆಯಲ್ಲಿ ಈ ಕೆಲಸವನ್ನು ಕಣ್ಣಾರೆ ನೋಡುವ ಅವಕಾಶ ನನಗೆ ದೊರೆಯಿತು. ಬಣ್ಣದಿಂದ ಎತ್ತಿದ ಗಾಜು ಕೆನ್ನೇರಿಳೆಯಾಗಿತ್ತು. ಅಲ್ಲಿದ್ದ ಹಿರಿಯ ತಂತ್ರಜ್ಞರು ಅದನ್ನು ನಲ್ಲಿಯ ನೀರಿನಡಿ ಹಿಡಿದರು, ನೋಡನೋಡುತ್ತಿದ್ದಂತೆ ನೀಲಿಯಾಯಿತು. ನೀರಿನಲ್ಲಿರುವ ಕ್ಷಾರದ ಗುಣ ಅದು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಗಾಗುವುದಿಲ್ಲವೆ, ಅದೇ ಜಾತಿಯ ಮಾಯೆ. ಬೇಕಾದುದಕ್ಕಿಂತ ಹೆಚ್ಚು ಬಣ್ಣ ಹತ್ತಿಸಿ, ಆಮ್ಲ ಸೇರಿಸಿದ ಮದ್ಯಸಾರದಲ್ಲಿ ಹೆಚ್ಚಾದುದನ್ನು ಕಳೆಯುವುದು ಇನ್ನೊಂದು ಹಂತ. “ಬಣ್ಣ ಹಾಕೋದು ಯಾರಿಗಾದರೂ ಬರುತ್ತೆ, ತೆಗೆಯೋದು ಬರಬೇಕು” ಎಂದರು ಅವರು. ಪುಸ್ತಕಗಳಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಆದರೆ ಒಂದು ಕ್ಷಣ ಹೆಚ್ಚಾದರೆ ಗಾಯವೂ ತೊಳೆದು ಹೋಗುತ್ತದೆ. ಒಂದು ಕ್ಷಣ ಕಡಮೆಯಾದರೆ ಎಲ್ಲವೂ ಗಾಯದಂತೆ ಕಾಣುತ್ತದೆ.

ಈ ಜೋಡಿ ಬಣ್ಣ ಮಿದುಳಿನ ಪೆಟ್ಟಿನಲ್ಲಿ ಏನನ್ನು ತೋರಿಸುತ್ತದೆ? ರಕ್ತವೂ ಪ್ರಾಣವಾಯುವೂ ದೊರೆಯದೆ ಸತ್ತ ನರಕೋಶ ಸುಕ್ಕಿ, ಬೀಜ ಕರಿಯ ಚುಕ್ಕೆಯಂತಾಗಿ, ಮೈ ಕೆಂಪಡರಿ ನಿಲ್ಲುತ್ತದೆ. ಅದಕ್ಕೆ ಕೆಂಪು ನರಕೋಶವೆಂದೇ ಹೆಸರು. ಆದರೆ ಗಮನಿಸತಕ್ಕ ಸಂಗತಿಯೆಂದರೆ, ಆ ಕೆಂಪು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಬೇಕು. ಪೆಟ್ಟು ಬಿದ್ದ ಕೂಡಲೇ ಸತ್ತವನ ಮಿದುಳಿನಲ್ಲಿ ಅದು ಇರುವುದೇ ಇಲ್ಲ. ಬಣ್ಣ ಹತ್ತಬೇಕಾದರೆ ಗಾಯಗೊಂಡವನು ಕೆಲಹೊತ್ತು ಬದುಕಿರಬೇಕು ಎಂಬ ಈ ವಿಚಿತ್ರ ನಿಯಮ ನನ್ನನ್ನು ಬಹಳ ದಿನ ಕಾಡಿತು.

ಬೇರೆ ಬೇರೆ ಬಣ್ಣಗಾರರ ವಿಷಯವನ್ನು ವಿಸ್ತಾರವಾಗಿ ಹೇಳಲು ಇಲ್ಲಿ ಸ್ಥಳವಿಲ್ಲ. ಆದರೂ ವಿದ್ಯಾರ್ಥಿಗಳಾದ ನಾವು ಫ್ರಾನ್ಸ್ ನಿಸ್ಸ್ಲ್ ಎಂಬವನನ್ನು ಮರೆಯಲಾಗದು. ಅವನು ೧೮೮೪ರ ಸುಮಾರಿನಲ್ಲಿ ಮ್ಯೂನಿಕ್ಕಿನಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದಾಗಲೇ, ಬಹುಮಾನಕ್ಕಾಗಿ ಏರ್ಪಟ್ಟ ಪ್ರಬಂಧಸ್ಪರ್ಧೆಗೆಂದು ನರಕೋಶಕ್ಕೆ ಬಣ್ಣ ಹಾಕುವ ಹೊಸ ಕ್ರಮವನ್ನು ಕಂಡುಹಿಡಿದು ಬಹುಮಾನವನ್ನೂ ಪಡೆದನು. ನಮ್ಮಂತೆಯೇ ಪ್ರಬಂಧ ಒಪ್ಪಿಸಬೇಕಾದ ಗಡುವಿನಲ್ಲಿದ್ದ ಹುಡುಗನ ಬಣ್ಣ ಇಂದಿಗೂ ಅವನ ಹೆಸರಿನಲ್ಲಿಯೇ ನಡೆಯುತ್ತಿದೆ. ಮುಂದೆ ಅವನು ಮೊಲದ ಮುಖದ ನರವನ್ನು ಕತ್ತರಿಸಿ, ಗಾಯ ದೂರದಲ್ಲಾದರೂ ಮಿದುಳಿನೊಳಗಿನ ನರಕೋಶದ ಕಣಗಳು ಕರಗಿ ಹೋಗುವುದನ್ನು ತೋರಿಸಿದನು. ಕೊಂಬೆಯನ್ನು ಕಡಿದರೆ ಬೇರು ನಡುಗಿದ ಹಾಗೆ.

ಇಟಲಿಯ ಕ್ಯಾಮಿಲೊ ಗಾಲ್ಜಿಯ ಕಥೆ ಇದಕ್ಕಿಂತ ಹಿಂದಿನದು. ವಾಸಿಯಾಗದ ರೋಗಿಗಳ ಆಸ್ಪತ್ರೆಯೊಂದರಲ್ಲಿ ವೈದ್ಯನಾಗಿದ್ದ ಅವನು ಅಲ್ಲಿನ ಅಡಿಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು, ೧೮೭೩ರಲ್ಲಿ ಬೆಳ್ಳಿಯ ಲವಣದಿಂದ ನರಕೋಶಗಳನ್ನು ಕಪ್ಪಗೆ ಮಾಡಿದನು. ನೂರಾರು ಕೋಶಗಳಲ್ಲಿ ಕೆಲವಕ್ಕೆ ಮಾತ್ರ ಬೆಳ್ಳಿ ಹತ್ತುತ್ತದೆ. ಹತ್ತಿದುದಕ್ಕೆ ರೆಂಬೆಕೊಂಬೆಗಳ ಸಮೇತ ಪೂರ್ಣವಾಗಿ ಹತ್ತುತ್ತದೆ. ಎಲ್ಲಕ್ಕೂ ಹತ್ತಿದ್ದರೆ ಕಪ್ಪು ಗೋಡೆಯ ಹೊರತು ಏನೂ ಕಾಣುತ್ತಿರಲಿಲ್ಲ! ಸ್ಪೇನಿನ ಕಹಾಲ್ ಆ ಬಣ್ಣವನ್ನು ಹಿಡಿದು ನರಕೋಶಗಳು ಬಿಡಿಬಿಡಿಯಾಗಿವೆ ಎಂದು ಸಾಧಿಸಿದನು; ಗಾಲ್ಜಿ ಅವೆಲ್ಲ ಒಂದೇ ಬಲೆ ಎಂದನು. ೧೯೦೬ರಲ್ಲಿ ಇಬ್ಬರಿಗೂ ಒಂದೇ ನೊಬೆಲ್ ಪಾರಿತೋಷಕವನ್ನು ಹಂಚಿದರು. ಒಂದೇ ಬಣ್ಣವನ್ನು ನೋಡಿ ಇಬ್ಬರು ಎರಡು ಹೇಳಿದರೆಂಬುದು ನಮ್ಮಂಥ ಕಲಾವಿಭಾಗದವರಿಗೆ ಸಮಾಧಾನದ ವಿಷಯ. ಓದುವುದು ಎಂಬ ಕೆಲಸ ವಿಜ್ಞಾನದಲ್ಲಿಯೂ ತಪ್ಪಿದ್ದಲ್ಲ. ಕಹಾಲನು ಕತ್ತರಿಸಿದ ನರತಂತುಗಳ ತುದಿಯಲ್ಲಿ ಉಂಡೆಗಳನ್ನೂ ಕಂಡಿದ್ದನು. ಆ ಉಂಡೆಗಳನ್ನು ನೆನಪಿನಲ್ಲಿಡಿ.

ಈಗ ನಮ್ಮ ಬೀದಿಯವನ ಪ್ರಶ್ನೆ. ಬುರುಡೆ ಒಡೆಯದೆ, ರಕ್ತ ಹೆಪ್ಪುಗಟ್ಟದೆ ಮಿದುಳು ಕೆಡಬಲ್ಲುದೆ? ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್ಬರ್ನ್ ೧೯೪೩ರಲ್ಲಿ ಜಿಲೆಟಿನ್ನಿನ ಮಿದುಳನ್ನು ಮಾಡಿ ಪರೀಕ್ಷಿಸಿ, ತಲೆ ಥಟ್ಟನೆ ತಿರುಗಿದಾಗ ಒಳಗಿನ ಪದರಗಳು ಒಂದರ ಮೇಲೊಂದು ಜಾರಿ ಸೀಳುತ್ತವೆ ಎಂದು ತೋರಿಸಿದನು. ಹೆಪ್ಪಾದ ಮೊಸರಿನ ಗಡಿಗೆಯನ್ನು ನೆಲಕ್ಕೆ ತಾಗಿಸದೆ ಬರಿದೆ ಗಿರ್ರನೆ ತಿರುಗಿಸಿ ನಿಲ್ಲಿಸಿ ನೋಡಿ. ಗಡಿಗೆ ಗಟ್ಟಿಯಾಗಿಯೇ ಇರುತ್ತದೆ, ಮೊಸರು ಒಡೆದಿರುತ್ತದೆ. ೧೯೫೬ರಲ್ಲಿ ಆಕ್ಸ್‌ಫರ್ಡಿನಲ್ಲಿಯೇ ಸಬೀನಾ ಸ್ಟ್ರಿಚ್ ಎಂಬ ಮಹಿಳೆ, ಪೆಟ್ಟು ತಿಂದು ಬುದ್ಧಿ ಪೂರ್ತಿ ಕಳೆದುಕೊಂಡು ತಿಂಗಳುಗಟ್ಟಲೆ ಬದುಕಿ ಸತ್ತ ಐವರ ಮಿದುಳುಗಳನ್ನು ಪರೀಕ್ಷಿಸಿದಳು. ಹೊರಗಿನಿಂದ ಅವು ಹೆಚ್ಚುಕಡಮೆ ಸರಿಯಾಗಿಯೇ ಇದ್ದುವು. ಬಣ್ಣ ಹಾಕಿ ನೋಡಿದಾಗ ಬಿಳಿಯ ಭಾಗದ ನರತಂತುಗಳು ಉದ್ದಕ್ಕೂ ನಾಶವಾಗಿದ್ದುವು. ೧೯೬೧ರಲ್ಲಿ ಇಪ್ಪತ್ತು ಮಂದಿಯ ಪರೀಕ್ಷೆಯನ್ನು ಆಕೆ ಪ್ರಕಟಿಸಿದಳು. ಈ ಗಾಯಕ್ಕೆ ಚದುರಿದ ನರತಂತು ಗಾಯವೆಂಬ ಅರ್ಥದ ಹೆಸರು ಬಂದದ್ದು ಆಮೇಲೆ.

ತಂತುಗಳು ಪೆಟ್ಟಿನ ಕ್ಷಣದಲ್ಲಿಯೇ ಹರಿದು ಹೋಗುತ್ತವೆ ಎಂದು ಬಹುಕಾಲ ಎಣಿಸಿದ್ದರು. ಹಾಗಲ್ಲವೆಂದು ೧೯೮೦ರ ದಶಕದಲ್ಲಿ ತಿಳಿಯಿತು. ಹಿಗ್ಗಿದ ತಂತು ಆ ಕ್ಷಣದಲ್ಲಿ ತುಂಡಾಗದೆ, ಒಳಗೆ ಜಖಂಗೊಂಡು, ಗಂಟೆಗಳ ಮೇಲೆ ಊದಿ ಕಡೆಗೆ ತುಂಡಾಗುತ್ತದೆ. ಇದನ್ನು ಅರ್ಥಮಾಡಿಕೊಳ್ಳಲು ನಮ್ಮ ಜಿಲ್ಲೆಯವರಿಗೆ ದೂರದ ಹೋಲಿಕೆ ಬೇಕಾಗಿಲ್ಲ. ನರಕೋಶದ ಮೈ ಕಟ್ಟೆಯಿದ್ದಂತೆ, ತಂತು ನಾಲೆಯಿದ್ದಂತೆ. ಕೋಶದಲ್ಲಿ ತಯಾರಾದ ಸಾಮಗ್ರಿ ತಂತುವಿನೊಳಗೆ ದಿನಕ್ಕೆ ಇನ್ನೂರರಿಂದ ನಾನೂರು ಮಿಲಿಮೀಟರಿನ ವೇಗದಲ್ಲಿ ತುದಿಯವರೆಗೆ ಸಾಗುತ್ತಿರಬೇಕು. ವಿಶ್ವೇಶ್ವರಯ್ಯ ನಾಲೆಯಲ್ಲಿ ನಡುವೆ ಎಲ್ಲಿಯೋ ಏರಿ ಕುಸಿದು ಅಡ್ಡ ಬಿತ್ತೆನ್ನಿ. ಮೇಲುಗಡೆ ನೀರು ಉಬ್ಬಿ ನಿಲ್ಲುತ್ತದೆ. ಮದ್ದೂರು ಮಳವಳ್ಳಿ ಕಡೆಯ ಕೊನೆಯ ಭಾಗದ ಗದ್ದೆ ಒಣಗುತ್ತದೆ. ಕನ್ನಂಬಾಡಿ ಕಟ್ಟೆಯಲ್ಲಿ ನೀರು ತುಂಬಿದೆಯಲ್ಲ, ನಿನ್ನ ಗದ್ದೆ ಒಣಗಿದ್ದು ಸುಳ್ಳು ಎಂದು ಕೊನೆಯ ಭಾಗದ ರೈತನಿಗೆ ಯಾರಾದರೂ ಹೇಳಿದರೆ ಅವನು ಏನು ಉತ್ತರ ಕೊಟ್ಟಾನೆಂಬುದನ್ನು ಇಲ್ಲಿ ಅಚ್ಚು ಹಾಕಿಸುವಂತಿಲ್ಲ!

ಕಹಾಲ್ ಕಂಡ ಉಂಡೆಗಳು ಹೀಗೆ ನಿಂತ ನೀರೇ. ಬೆಳ್ಳಿಯ ಬಣ್ಣದಲ್ಲಿ ಅವು ಕಾಣಲು ಅರ್ಧ ದಿನಕ್ಕಿಂತಲೂ ಹೆಚ್ಚು ಬೇಕಾಗುತ್ತಿತ್ತು. ೧೯೯೦ರ ದಶಕದಲ್ಲಿ ಒಂದು ಹೊಸ ಉಪಾಯ ಬಂತು. ತಂತುವಿನಲ್ಲಿ ವೇಗವಾಗಿ ಸಾಗುವ ಸಾಮಗ್ರಿಗಳಲ್ಲಿ ಎ.ಪಿ.ಪಿ. ಎಂಬ ಪ್ರೋಟೀನು ಒಂದು. ಅದನ್ನು ಮಾತ್ರ ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಾಯವನ್ನು ತಯಾರಿಸಿ, ಆ ಪ್ರತಿಕಾಯಕ್ಕೆ ಕಂದುಬಣ್ಣ ಬರುವಂತೆ ಮಾಡಿದರು. ಸಾಮಾನ್ಯ ತಂತುವಿನಲ್ಲಿ ಅದು ಹರಿದು ಹೋಗುತ್ತಿರುವುದರಿಂದ ಕಾಣುವುದಿಲ್ಲ. ಅಡ್ಡಿಯಾದಲ್ಲಿ ರಾಶಿ ಬಿದ್ದು ಎರಡು ಮೂರು ಗಂಟೆಗಳಲ್ಲಿಯೇ ಕಂದು ಮಣಿಗಳಂತೆ ಎದ್ದು ತೋರುತ್ತದೆ. ಇಷ್ಟರಿಂದಲೇ ಕಂದು ಕಂಡಲ್ಲೆಲ್ಲ ಪೆಟ್ಟು ಎನ್ನಬಾರದು. ರಕ್ತಸಂಚಾರ ನಿಂತರೂ ಇದೇ ರಾಶಿ ಬೀಳುತ್ತದೆ. ಆದರೆ ಆಗ ಅದು ರಕ್ತ ದೊರೆಯದ ಪ್ರದೇಶದ ಅಂಚನ್ನು ಸೊಟ್ಟಪಟ್ಟೆಯಾಗಿ ಹಿಡಿದಿರುತ್ತದೆ. ಪೆಟ್ಟಿನಿಂದಾದುದು ತಂತುಗಳ ಕಟ್ಟಿನಲ್ಲಿ ಅಲ್ಲೊಂದು ಇಲ್ಲೊಂದು ಚದುರಿರುತ್ತದೆ.

ಇನ್ನು ಮುಖ್ಯ ಸಾಕ್ಷ್ಯ. ೧೯೯೪ರಲ್ಲಿ ಆಸ್ಟ್ರೇಲಿಯದ ಬ್ಲುಂಬರ್ಗ್ಸ್ ಮತ್ತು ಅವನ ಸಂಗಡಿಗರು ಐವರ ಮಿದುಳುಗಳನ್ನು ಈ ಬಣ್ಣದಿಂದ ಪರೀಕ್ಷಿಸಿದರು. ಈ ಐವರಿಗೂ ಆಗಿದ್ದುದು ಲಘುವಾದ ಪೆಟ್ಟು, ಸ್ವಲ್ಪ ಹೊತ್ತಿನ ಮೂರ್ಛೆ ಮಾತ್ರ. ಎರಡು ದಿನದಿಂದ ತೊಂಬತ್ತೊಂಬತ್ತು ದಿನಗಳೊಳಗೆ ಸತ್ತದ್ದು ಬೇರೆ ಕಾರಣಗಳಿಂದ. ಐವರಲ್ಲಿಯೂ ನರತಂತುಗಳ ಗಾಯ ಕಂಡುಬಂತು. ಅದೂ ಫಾರ್ನಿಕ್ಸ್ ಎಂಬ, ನೆನಪಿಗೆ ಸಂಬಂಧಪಟ್ಟ ತಂತುಗಳ ಕಟ್ಟಿನಲ್ಲಿ. ಐದೇ ಜನ ಎಂದು ನೀವು ಹೇಳಬಹುದು, ಹೌದು, ಐದೇ. ಲಘುವಾಗಿ ಪೆಟ್ಟು ತಿಂದವರೆಲ್ಲರಿಗೂ ಹೀಗಾಗುತ್ತದೆಂದು ಇದರಿಂದ ಸಿದ್ಧವಾಗದು. ಬಹುಪಾಲು ಜನ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ “ಇರಲು ಸಾಧ್ಯವೇ ಇಲ್ಲ” ಎಂಬ ಕಟ್ಟೆಯ ವಾದವನ್ನು ಮುರಿಯಲು ಒಬ್ಬನಿದ್ದರೂ ಸಾಕಾಗಿತ್ತು. ಸಿ.ಟಿ. ಸ್ಕ್ಯಾನು ರಕ್ತವನ್ನೂ ಮುರಿದ ಮೂಳೆಯನ್ನೂ ಚೆನ್ನಾಗಿ ತೋರಿಸುವ ಯಂತ್ರ. ಮೈಕ್ರಾನಿನ ಅಳತೆಯ ಮಣಿಗಳನ್ನು ತೋರಿಸುವುದು ಅದರ ಕೆಲಸವಲ್ಲ.

ಹಾಗಾದರೆ ನಮ್ಮ ಬೀದಿಯವನ ತಲೆಯಲ್ಲಿ ಈ ಗಾಯವಿದೆ ಎಂದು ನನ್ನ ಪ್ರಬಂಧ ಸಾಧಿಸಿತೆ? ಇಲ್ಲ. ಈ ಬಣ್ಣಗಳೆಲ್ಲ ಸತ್ತ ಮೇಲಿನವು. ಬದುಕಿರುವವನ ಮಿದುಳನ್ನು ಹೆರೆದು ನೋಡುವಂತಿಲ್ಲ. ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಏನು ಬರೆಯಬೇಕೆಂದು ಎರಡು ವಾರ ತಡೆದೆ. ಅವನನ್ನು ಉದಾಹರಣೆಯಾಗಿ ನಿಲ್ಲಿಸಿ, ಹೀಗೆ ಹೀಗೆ ಆಗಿದೆ ಎಂದು ಬರೆದಿದ್ದರೆ ಓದಲು ಸೊಗಸಾಗಿರುತ್ತಿತ್ತು. ಅಧ್ಯಾಪಕರೊಡನೆ ಚರ್ಚಿಸಿ, ಅವನ ವಿಷಯವನ್ನು ಪೀಠಿಕೆಯಲ್ಲಿ ಪ್ರಶ್ನೆಯಾಗಿ ಮಾತ್ರ ಉಳಿಸಿ, ಅಧ್ಯಾಯವನ್ನು ಹೀಗೆ ಮುಗಿಸಿದೆ: ಸ್ಕ್ಯಾನಿನಲ್ಲಿ ಕಾಣದಿರುವುದು ಗಾಯವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ, ಅವನು ನಾಟಕವಾಡುತ್ತಿದ್ದಾನೆ ಎನ್ನುವವರು ತಮ್ಮ ಮಾತಿಗೆ ಬೇರೆ ಸಾಕ್ಷಿ ತರಬೇಕು. ಮನೆಯವರಿಗೆ ಇದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವನ ಹೆಂಡತಿ ಕೇಳಿದ್ದು ಒಂದೇ: “ಇದನ್ನ ಊರೋರಿಗೂ ಓದ್ತೀರಾ?”

ಈ ಅಭ್ಯಾಸಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಿದುಳು ಸಂಗ್ರಹಾಲಯಕ್ಕೂ ಹೋಗಿಬಂದೆ. ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಕೂಡಿ ೧೯೭೪ರಲ್ಲಿ ರೂಪುಗೊಂಡ ಸಂಸ್ಥೆ ಅದು. ೧೯೯೫ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ ಅಲ್ಲಿ ಮಿದುಳಿನ ಅಂಗಾಂಶಗಳ ಭಂಡಾರ ಸ್ಥಾಪನೆಯಾಯಿತು. ದೇಶದ ಸಂಶೋಧಕರಿಗೆ ಅಲ್ಲಿಂದ ಅಂಗಾಂಶ ದೊರೆಯುತ್ತದೆ. ಸಂಗ್ರಹಾಲಯದಲ್ಲಿ ಕೈಗವಸು ತೊಟ್ಟು ನಿಜವಾದ ಮಿದುಳನ್ನು ಅಂಗೈಯಲ್ಲಿ ಹಿಡಿಯಲು ಬಂದವರಿಗೆ ಅವಕಾಶವುಂಟು. ನಾನೂ ಹಿಡಿದೆ. ಒಂದೂಕಾಲು ಕಿಲೋಗ್ರಾಮಿಗೆ ಸ್ವಲ್ಪ ಹೆಚ್ಚಾದ ತೂಕ. ಒಂದು ಬೆಲ್ಲದ ಅಚ್ಚಿನಷ್ಟು ಎಂದು ಮನಸ್ಸಿಗೆ ಹೊಳೆಯಿತು, ನಮ್ಮವರ ಮನಸ್ಸು ಮತ್ತೆಲ್ಲಿಗೆ ಹೋದೀತು! ಮನೆಯವರೊಬ್ಬರು, ದುಃಖದ ಆ ಹೊತ್ತಿನಲ್ಲಿ, ಆಗಲಿ ಎಂದು ಒಪ್ಪದಿದ್ದರೆ ಇಂಥ ಭಂಡಾರದ ಒಂದು ಗಾಜಿನ ಪಟ್ಟಿಯೂ ತಯಾರಾಗುತ್ತಿರಲಿಲ್ಲ. ನಮ್ಮೂರಿನಲ್ಲಿ ನಾನು ಈ ಮಾತೆತ್ತಿದಾಗ, ಅಂಗ ಕಳೆದುಕೊಂಡವನಿಗೆ ಮುಂದಿನ ಜನ್ಮದಲ್ಲಿ ಅದು ಇರದು ಎಂದು ಹಿರಿಯರೊಬ್ಬರು ಹೆದರಿಸಿದರು. ಕಣ್ಣುದಾನದ ವಿಷಯದಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಹೇಳುತ್ತಿದ್ದರಂತೆ ಎಂದು ಅವರ ಮಗನೇ ಉತ್ತರ ಕೊಟ್ಟ.

ಬದುಕಿರುವವರಲ್ಲಿ ಈ ಗಾಯವನ್ನು ಹುಡುಕುವ ದಾರಿಗಳೂ ತೆರೆಯುತ್ತಿವೆ. ಎಂ.ಆರ್.ಐ. ಯಂತ್ರದ ಕೆಲವು ವಿಶೇಷ ಕ್ರಮಗಳು ತಂತುಗಳ ದಿಕ್ಕನ್ನೂ ಸಣ್ಣ ರಕ್ತಚುಕ್ಕೆಗಳನ್ನೂ ತೋರಿಸುತ್ತವೆ. ಪೆಟ್ಟಿನ ಸುತ್ತ ಕಲೆಕಟ್ಟುವ ಆಸರೆಕೋಶಗಳನ್ನು ಗುರುತಿಸಲು ಬಣ್ಣಗಾರರು ಜಿ.ಎಫ್.ಎ.ಪಿ. ಎಂಬ ಇನ್ನೊಂದು ಪ್ರೋಟೀನನ್ನು ಬಹುಕಾಲದಿಂದ ಬಳಸುತ್ತಿದ್ದರು. ಮಿದುಳಿಗೆ ಪೆಟ್ಟಾದಾಗ ಅದರ ಅಂಶ ರಕ್ತಕ್ಕೂ ಸೋರುತ್ತದೆ. ಅದನ್ನೂ ಮತ್ತೊಂದು ಪ್ರೋಟೀನನ್ನೂ ಅಳೆದು, ಲಘು ಪೆಟ್ಟು ತಿಂದವನಿಗೆ ಸಿ.ಟಿ. ಸ್ಕ್ಯಾನು ಬೇಕೆ ಬೇಡವೆ ಎಂದು ತೀರ್ಮಾನಿಸಲು ನೆರವಾಗುವ ರಕ್ತಪರೀಕ್ಷೆಗೆ ಅಮೆರಿಕ ಸರ್ಕಾರ ೨೦೧೮ರಲ್ಲಿ ಒಪ್ಪಿಗೆ ಕೊಟ್ಟಿತು. ಗಾಜಿನ ಪಟ್ಟಿಯ ಮೇಲಿನ ಬಣ್ಣ ಹೀಗೆ ಸೂಜಿಯ ತುದಿಗೆ ಬಂದಿದೆ. ಆದರೆ ಇದೂ ಪೆಟ್ಟು ಬಿದ್ದ ಮೊದಲ ಗಂಟೆಗಳ ಪರೀಕ್ಷೆ. ಆರು ತಿಂಗಳ ಮೇಲೆ ಲೆಕ್ಕ ಮರೆತು ಕೂತವನಿಗೆ ಅದು ಒದಗುವುದಿಲ್ಲ. ಅವನಿಗೆ ಒದಗುವುದು ನಾವು ತರಗತಿಯಲ್ಲಿ ಬೇಸರದಿಂದ ಕಲಿಯುವ ನೆನಪಿನ ಪರೀಕ್ಷೆ, ಗಮನದ ಪರೀಕ್ಷೆಗಳೇ. ಹೇಳಿದ ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸುವುದು, ಕಥೆ ಕೇಳಿಸಿ ಅರ್ಧ ಗಂಟೆಯ ಮೇಲೆ ಮತ್ತೆ ಕೇಳುವುದು. ಮೌಖಿಕ ಪರೀಕ್ಷೆಯಲ್ಲಿ ಕಲಾವಿಭಾಗಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳಿದವರಿಗೆ ನಾನು ಕೊಟ್ಟ ಉತ್ತರ ಇದೇ.

ಪ್ರಬಂಧ ಎಂಬತ್ತಾರು ಪುಟಗಳಾಯಿತು. ನಮ್ಮ ಮನೆಯಲ್ಲಿ ಅಷ್ಟು ಪುಟ ಬರೆದವನು ನಾನೇ ಮೊದಲಿಗನಾದುದರಿಂದ, ತಂದೆಯವರು ಅದನ್ನು ತೂಗಿ ನೋಡುವಂತೆ ಕೈಯಲ್ಲಿ ಹಿಡಿದು ನೋಡಿದರು. ಒಂದು ಪ್ರತಿಯನ್ನು ಮನಶ್ಶಾಸ್ತ್ರ ವಿಭಾಗದ ಬೀರುವಿನಲ್ಲಿಟ್ಟಿದ್ದೇನೆ. ಪಾರಿಭಾಷಿಕ ಪದಗಳಿಗೆ ನಾನು ಬಳಸಿದ ಕನ್ನಡ ಪದಗಳ ಪಟ್ಟಿ ಅದರ ಕೊನೆಯಲ್ಲಿದೆ. ಮುಂದಿನ ವರ್ಷದ ವಿದ್ಯಾರ್ಥಿಗಳಲ್ಲಿ ಯಾರಾದರೂ ನಮ್ಮ ಹೋಬಳಿಯಲ್ಲಿ ತಲೆಗೆ ಪೆಟ್ಟಾಗಿ ಬದುಕಿ ಬಂದವರು ಒಂದು ವರ್ಷದ ಮೇಲೆ ಯಾವ ಕೆಲಸದಲ್ಲಿದ್ದಾರೆ ಎಂಬುದನ್ನು ಮನೆಮನೆಗೆ ಹೋಗಿ ವಿಚಾರಿಸುವುದಾದರೆ, ಪ್ರಶ್ನಾವಳಿಯ ಕರಡೂ ಅದರೊಳಗೇ ಇದೆ.